ಬೆನ್ನಿನ ಕಸಿ



ಮಂಡ್ಯದ ಕಡೆಯ ಒಬ್ಬ ತಾಯಿ ನನ್ನ ಬಳಿಗೆ ಬಂದಾಗ ಅವರಿಗೆ 62 ವರ್ಷ. ನಾಟಿ, ಕಳೆ, ಕೊಯ್ಲು ಎಂದು ನಲವತ್ತು ವರ್ಷ ಗದ್ದೆಯಲ್ಲಿ ಸೊಂಟ ಬಗ್ಗಿಸಿದವರು. ಎಕ್ಸ್‌ರೇ, ಎಂಆರ್‌ಐ ಫಿಲ್ಮುಗಳೆಲ್ಲ ಮಗನ ಕಂಕುಳಲ್ಲಿದ್ದವು. ನಾನು ಫಿಲ್ಮಿಗೆ ಕೈ ಚಾಚಲಿಲ್ಲ. ಮೊದಲು ನೀವು ಹೇಳಿ ಅಮ್ಮ, ಎಂದೆ.

“ಸಾ, ಮನೆಯಿಂದ ಬಸ್‌ಸ್ಟ್ಯಾಂಡ್‌ಗೆ ಹೋಗೋದ್ರೊಳಗೆ ಮೂರು ಕಡೆ ಕುಂತ್ಕತೀನಿ. ಕಾಲು ಸೀಸ ತುಂಬ್ದಂಗೆ ಆಯ್ತದೆ, ಜೋಮು ಹಿಡೀತದೆ. ಕುಂತ್ರೆ ಎರಡೇ ನಿಮಿಷ, ಸರಿಹೋಯ್ತದೆ. ಎದ್ದು ನಡುದ್ರೆ ಮತ್ತೆ ಅದೇಯ.”

ಮಗನಿಗೆ ಅವಸರ. “ಡಾಕ್ಟ್ರೇ, ಈಗೆಲ್ಲ ಕೀಹೋಲ್‌ನಲ್ಲೇ ಮಾಡ್ತಾರಂತಲ್ಲ, ಅದನ್ನೇ ಮಾಡ್ಬಿಡಿ” ಎಂದ. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಸ್ಕ್ರೂ ಹಾಕಿ ಮೂಳೆ ಅಂಟಿಸ್ತಾರಂತೆ, ದಿಟವಾ ಸಾ? ಆಮೇಲೆ ಬಗ್ಗಕ್ಕಾಯ್ತದಾ?”

ಇಬ್ಬರಲ್ಲಿ ತಾಯಿಯ ಪ್ರಶ್ನೆಯೇ ದೊಡ್ಡದು. ಮಗ ಕೇಳಿದ್ದು ಗಾಯ ಎಷ್ಟು ಚಿಕ್ಕದು ಎಂದು. ತಾಯಿ ಕೇಳಿದ್ದು ಒಳಗೆ ಏನು ಮಾಡುತ್ತೀರಿ, ಆಮೇಲೆ ನನ್ನ ಬದುಕು ಹೇಗಿರುತ್ತದೆ ಎಂದು. ಇವತ್ತಿನ ಮಾತನ್ನು ನಾನು ತಾಯಿಯ ಪ್ರಶ್ನೆಗೆ ಉತ್ತರವಾಗಿಯೇ ಆಡುತ್ತೇನೆ.

ಇದೇ ತೊಂದರೆಯಿದ್ದ ಇನ್ನೊಬ್ಬರನ್ನೂ ಇಲ್ಲಿ ನೆನೆಯಬೇಕು. ಅವರು ನಿವೃತ್ತ ಮೇಷ್ಟ್ರು. ಹತ್ತು ಕಿಲೋಮೀಟರ್ ಸೈಕಲ್ ತುಳಿಯುತ್ತಿದ್ದರು, ನೂರು ಮೀಟರ್ ನಡೆಯಲಾರದೆ ಹೋಗಿದ್ದರು. ಸೈಕಲ್ ತುಳಿಯುವ ಕಾಲಿಗೆ ನಡೆಯಲು ಏನು ಧಾಡಿ ಎಂದು ಮನೆಯವರು ಬೈಯುತ್ತಿದ್ದರಂತೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಅಷ್ಟು ಕಷ್ಟವಿಲ್ಲ, ಇಳಿಯುವಾಗ ಕಾಲು ಸೋಲುತ್ತದೆ ಎಂದು ಅವರು ಹೇಳಿದಾಗ ನನಗೆ ಅರ್ಧ ರೋಗ ತಿಳಿದುಹೋಯಿತು. ಮೆಟ್ಟಿಲು ಹತ್ತುವಾಗ, ಸೈಕಲ್ ತುಳಿಯುವಾಗ ನಾವು ಮುಂದಕ್ಕೆ ಬಾಗಿರುತ್ತೇವೆ. ಇಳಿಯುವಾಗ, ನೆಟ್ಟಗೆ ನಡೆಯುವಾಗ ಸೊಂಟ ಹಿಂದಕ್ಕೆ ಬಾಗುತ್ತದೆ. ಮುಂದಕ್ಕೆ ಬಾಗಿದಾಗ ಬೆನ್ನುಮೂಳೆಯೊಳಗಿನ ನರಗಳ ಕಾಲುವೆ ಕೊಂಚ ಅಗಲವಾಗುತ್ತದೆ, ನೆಟ್ಟಗಾದಾಗ ಕಿರಿದಾಗುತ್ತದೆ. ಕಾಲಿನ ರಕ್ತನಾಳ ಕಟ್ಟಿಕೊಂಡವರಿಗೂ ನಡೆದರೆ ಕಾಲು ನೋಯುತ್ತದೆ. ಆದರೆ ಅವರು ನಿಂತರೆ ಸಾಕು, ನೋವು ಇಳಿಯುತ್ತದೆ. ನರ ಒತ್ತಿಕೊಂಡವರಿಗೆ ನಿಂತರೆ ಸಾಲದು, ಕೂರಬೇಕು ಇಲ್ಲವೆ ಬಾಗಬೇಕು. ಇಷ್ಟು ತಿಳಿಯಲು ಯಂತ್ರ ಬೇಡ, ರೋಗಿಯ ಮಾತನ್ನು ಕೊನೆಯವರೆಗೆ ಕೇಳಿಸಿಕೊಳ್ಳುವ ತಾಳ್ಮೆ ಬೇಕು.

ಈಗ ಒಳಗೆ ಏನಾಗಿರುತ್ತದೆ ನೋಡೋಣ. ನಮ್ಮ ಬೆನ್ನುಮೂಳೆ ಮಣಿ ಪೋಣಿಸಿದ ಹಾಗಿದೆ. ಕತ್ತಿನಲ್ಲಿ 7 ಮಣಿ, ಎದೆಯ ಹಿಂದೆ 12, ಸೊಂಟದಲ್ಲಿ 5, ಅದರ ಕೆಳಗೆ ತಾವಾಗಿಯೇ ಬೆಸೆದುಕೊಂಡಿರುವ ತ್ರಿಕಾಸ್ಥಿ. ಮಣಿ ಮಣಿಯ ನಡುವೆ ಒಂದೊಂದು ಡಿಸ್ಕ್. ಡಿಸ್ಕನ್ನು ಕಡುಬು ಎಂದುಕೊಳ್ಳಿ. ಹೊರಗೆ ಪದರಪದರವಾದ ಗಟ್ಟಿ ನಾರಿನ ಕಣಕ, ಒಳಗೆ ಲೋಳೆಯಂಥ ಹೂರಣ. ಎಳೆಯ ವಯಸ್ಸಿನಲ್ಲಿ ಆ ಹೂರಣದಲ್ಲಿ ನೂರಕ್ಕೆ 80ರಷ್ಟು ನೀರೇ. ಹಗಲೆಲ್ಲ ನಿಂತು ಕೂತು ಮಾಡುವಾಗ ಆ ನೀರು ಸ್ವಲ್ಪ ಹಿಂಡಿಹೋಗುತ್ತದೆ, ರಾತ್ರಿ ಮಲಗಿದಾಗ ಮತ್ತೆ ತುಂಬಿಕೊಳ್ಳುತ್ತದೆ. ಹಾಗಾಗಿ ಬೆಳಗ್ಗೆ ಎದ್ದಾಗ ನಾವು ಸಂಜೆಗಿಂತ ಒಂದು ಸೆಂಟಿಮೀಟರಿಗೂ ಹೆಚ್ಚು ಎತ್ತರ ಇರುತ್ತೇವೆ.

ಡಿಸ್ಕಿಗೆ ಒಂದು ದೊಡ್ಡ ಬಡತನವಿದೆ. ಬೆಳೆದ ಮನುಷ್ಯನ ದೇಹದಲ್ಲಿ ರಕ್ತನಾಳವಿಲ್ಲದ ಅತಿ ದೊಡ್ಡ ಅಂಗ ಅದೇ. ಮೇಲಿನ ಮತ್ತು ಕೆಳಗಿನ ಮೂಳೆಯ ತೆಳು ಪದರದ ಮೂಲಕ ಜಿನುಗಿ ಬಂದದ್ದಷ್ಟೇ ಅದರ ಆಹಾರ. ಕೊಯಮತ್ತೂರಿನ ಡಾ. ಎಸ್. ರಾಜಶೇಖರನ್ ಮತ್ತು ಅವರ ಜೊತೆಯವರು ರಕ್ತನಾಳಕ್ಕೆ ಒಂದು ಔಷಧ ಕೊಟ್ಟು, ಮತ್ತೆ ಮತ್ತೆ ಎಂಆರ್‌ಐ ತೆಗೆದು, ಅದು ಡಿಸ್ಕಿನ ನಡುವಿಗೆ ತಲುಪಲು ಎಷ್ಟು ಹೊತ್ತು ಬೇಕು ಎಂದು ಅಳೆದರು. ನಿಮಿಷಗಳಲ್ಲಿ ಮೂಳೆಗೆ ಮುಟ್ಟಿದ್ದು ಡಿಸ್ಕಿನ ಒಡಲಿಗೆ ಇಳಿಯಲು ಗಂಟೆಗಳು ಹಿಡಿದವು. 2004ರಲ್ಲಿ ಪ್ರಕಟವಾದ ಈ ಕೆಲಸಕ್ಕೆ ಜಗತ್ತಿನ ಬೆನ್ನುಮೂಳೆ ತಜ್ಞರ ದೊಡ್ಡ ಪ್ರಶಸ್ತಿ ಬಂತು. ನಮ್ಮ ಪಕ್ಕದ ಊರಿನಲ್ಲಿ ನಡೆದ ಕೆಲಸವೆಂದು ಹೆಮ್ಮೆಯಿಂದ ಹೇಳುತ್ತೇನೆ. ಇಷ್ಟು ಕಷ್ಟದಿಂದ ಉಣ್ಣುವ ಅಂಗಕ್ಕೆ ಒಮ್ಮೆ ಪೆಟ್ಟಾದರೆ ವಾಸಿಯಾಗುವುದು ನಿಧಾನ.

ವರ್ಷ ಕಳೆದಂತೆ ಹೂರಣ ಒಣಗುತ್ತದೆ, ಡಿಸ್ಕು ತಗ್ಗುತ್ತದೆ. ಆಗ ಭಾರವೆಲ್ಲ ಹಿಂದಿನ ಪುಟ್ಟ ಕೀಲುಗಳ ಮೇಲೆ ಬೀಳುತ್ತದೆ. ಕೀಲು ಊದಿ ದಪ್ಪವಾಗುತ್ತದೆ, ಕಾಲುವೆಯ ಒಳಗೋಡೆಯ ಹಳದಿ ಪಟ್ಟಿ ಮಡಿಚಿಕೊಂಡು ಒಳಕ್ಕೆ ಉಬ್ಬುತ್ತದೆ. ಹೂಳು ತುಂಬಿದ ನಾಲೆಯಲ್ಲಿ ನೀರಿಗೆ ಜಾಗ ಸಾಲದಂತೆ ನರಗಳಿಗೆ ಜಾಗ ಸಾಲದಾಗುತ್ತದೆ. ಕೆಲವರಲ್ಲಿ ಕೀಲಿನ ಹಿಡಿತ ತಪ್ಪಿ ಮೇಲಿನ ಮಣಿ ಕೆಳಗಿನದರ ಮೇಲೆ ಮುಂದಕ್ಕೆ ಜಾರುತ್ತದೆ. ಸೊಂಟದ ನಾಲ್ಕನೆಯ ಮಣಿ ಐದನೆಯದರ ಮೇಲೆ ಜಾರುವುದೇ ಹೆಚ್ಚು, ಅದೂ ಐವತ್ತು ದಾಟಿದ ಹೆಂಗಸರಲ್ಲಿ ಹೆಚ್ಚು. ಆ ಮಂಡ್ಯದ ತಾಯಿಗೆ ಆಗಿದ್ದು ಇದೇ. ಇನ್ನೊಂದು ಮಾತು ನೆನಪಿಡಿ, ಕೊನೆಗೆ ಬೇಕಾಗುತ್ತದೆ: ಬೆನ್ನುಹುರಿ ಸೊಂಟದ ಮೊದಲ ಎರಡು ಮಣಿಗಳ ಹತ್ತಿರವೇ ಮುಗಿಯುತ್ತದೆ. ಅಲ್ಲಿಂದ ಕೆಳಕ್ಕೆ ಕುದುರೆಯ ಬಾಲದ ಹಾಗೆ ನರಗಳ ಗೊಂಚಲು ಇಳಿಯುತ್ತದೆ. ಕಾಲಿಗೂ ಮೂತ್ರಕೋಶಕ್ಕೂ ಹೋಗುವ ನರಗಳು ಆ ಗೊಂಚಲಿನಲ್ಲಿವೆ.

ಇಷ್ಟು ಹೇಳಿದ ಮೇಲೆ ನಿಮ್ಮಲ್ಲಿ ಯಾರಾದರೂ ಬೀರುವಿನಿಂದ ಹಳೆಯ ಎಂಆರ್‌ಐ ವರದಿ ತೆಗೆದು ‘ಡಿಸ್ಕ್ ಸವೆದಿದೆ’ ಎಂಬ ಸಾಲನ್ನು ಓದಿ ಹೆದರುತ್ತಿರಬಹುದು. ಹೆದರಬೇಡಿ. 1990ರಲ್ಲಿ ಅಮೆರಿಕದ ಸ್ಕಾಟ್ ಬೋಡೆನ್ ಮತ್ತು ಜೊತೆಯವರು, ಬೆನ್ನುನೋವನ್ನೇ ಕಂಡಿರದ 67 ಜನರ ಎಂಆರ್‌ಐ ತೆಗೆದರು. ಮೂವರಲ್ಲಿ ಒಬ್ಬರಿಗೆ ಡಿಸ್ಕ್ ಜಾರಿದ್ದೋ ಕಾಲುವೆ ಕಿರಿದಾದದ್ದೋ ಏನಾದರೊಂದು ದೋಷ ಕಂಡಿತು. 2015ರಲ್ಲಿ ಇಂಥ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ನೋವೇ ಇಲ್ಲದ ಇಪ್ಪತ್ತರ ವಯಸ್ಸಿನವರಲ್ಲಿ ನೂರಕ್ಕೆ 37 ಮಂದಿಗೆ, ಎಂಬತ್ತರವರಲ್ಲಿ ನೂರಕ್ಕೆ 96 ಮಂದಿಗೆ ಡಿಸ್ಕ್ ಸವೆದಿತ್ತು. ಕೂದಲು ನರೆಯುವುದು ಹೇಗೋ ಡಿಸ್ಕ್ ಸವೆಯುವುದೂ ಹಾಗೆ. ‘ಗ್ಯಾಪ್ ಆಗಿದೆ’, ‘ಬೆನ್ನು ಪುಡಿಯಾಗಿದೆ’ ಎಂದು ರೋಗಿಯ ಮುಖಕ್ಕೆ ಹೇಳುವ ನಮ್ಮವರ ಅಭ್ಯಾಸ ನನಗೆ ತುಂಬ ನೋವು ಕೊಡುತ್ತದೆ. ಆ ಒಂದು ಮಾತಿಗೆ ಹೆದರಿ ಹೊಲ ಬಿಟ್ಟವರನ್ನು, ಮೊಮ್ಮಗುವನ್ನು ಎತ್ತಿಕೊಳ್ಳದವರನ್ನು ನೋಡಿದ್ದೇನೆ. ಫಿಲ್ಮಿನಲ್ಲಿ ಕಂಡದ್ದು, ರೋಗಿ ಹೇಳಿದ್ದು, ನಾವು ಕೈಯಿಂದ ಮುಟ್ಟಿ ಪರೀಕ್ಷಿಸಿದ್ದು, ಈ ಮೂರೂ ಒಂದೇ ಕಡೆ ಬೆರಳು ತೋರಿಸಿದಾಗ ಮಾತ್ರ ಶಸ್ತ್ರಚಿಕಿತ್ಸೆಯ ಮಾತು.

ಆ ತಾಯಿ ಕೇಳಿದ್ದರಲ್ಲ, ಆ ಮೂಳೆ ಬೆಸೆಯುವ ವಿದ್ಯೆ ಹುಟ್ಟಿದ್ದು ಸೊಂಟನೋವಿಗಲ್ಲ, ಕ್ಷಯಕ್ಕೆ. ಬೆನ್ನುಮೂಳೆಗೆ ಕ್ಷಯ ತಗುಲಿದ ಮಕ್ಕಳು ಗೂನು ಬೀಳುತ್ತಿದ್ದ ಕಾಲ. 1911ರಲ್ಲಿ ನ್ಯೂಯಾರ್ಕಿನ ಇಬ್ಬರು ವೈದ್ಯರು, ರಸೆಲ್ ಹಿಬ್ಸ್ ಮತ್ತು ಫ್ರೆಡ್ ಆಲ್ಬಿ, ಬೇರೆಬೇರೆಯಾಗಿಯೇ ಒಂದೇ ದಾರಿ ಹಿಡಿದರು. ಆಲ್ಬಿ ಮೊಣಕಾಲ ಕೆಳಗಿನ ಮೂಳೆಯಿಂದ ಒಂದು ಪಟ್ಟಿ ತೆಗೆದು ಬೆನ್ನಿಗೆ ಕೂರಿಸಿದರು. ಹಿಬ್ಸ್ ಬೆನ್ನಿನದೇ ಮೂಳೆಯ ಚೂರುಗಳನ್ನು ಎಬ್ಬಿಸಿ ಒಂದರ ಮೇಲೊಂದು ಹಾಸಿದರು. ಹಿಡಿದು ನಿಲ್ಲಿಸಲು ಸ್ಕ್ರೂ ಇರಲಿಲ್ಲ, ರೋಗಿ ತಿಂಗಳುಗಟ್ಟಲೆ ಅಲುಗಾಡದೆ ಮಲಗಬೇಕಿತ್ತು. 1940ರ ದಶಕದಲ್ಲಿ ಹವಾಯಿಯ ರಾಲ್ಫ್ ಕ್ಲೋವರ್ಡ್ ಹಿಂದಿನಿಂದ ಹೋಗಿ ಡಿಸ್ಕಿನ ಜಾಗದಲ್ಲೇ ಮೂಳೆ ತುಂಬಿದರು. 1960ರ ದಶಕದಲ್ಲಿ ಪ್ಯಾರಿಸ್ಸಿನ ರೇಮಂಡ್ ರುವಾ-ಕಮಿಯ್ ಮಣಿಯ ತೊಟ್ಟಿನ ಮೂಲಕ ಸ್ಕ್ರೂ ಇಳಿಸಿ ತೋರಿಸಿದರು. ತೊಟ್ಟು ಎಂದರೆ ಮಣಿಯ ಮುಂಭಾಗವನ್ನೂ ಹಿಂಭಾಗವನ್ನೂ ಕೂಡಿಸುವ ಗಟ್ಟಿ ಮೂಳೆ, ಬದನೆಕಾಯಿಗೆ ತೊಟ್ಟು ಇದ್ದ ಹಾಗೆ. ಅಲ್ಲಿ ಸಿಕ್ಕಷ್ಟು ಗಟ್ಟಿ ಹಿಡಿತ ಬೆನ್ನಿನಲ್ಲಿ ಬೇರೆಲ್ಲೂ ಸಿಗದು. 1982ರಲ್ಲಿ ಜರ್ಮನಿಯ ಯುರ್ಗೆನ್ ಹಾರ್ಮ್ಸ್, ನರಗಳನ್ನು ಹೆಚ್ಚು ಎಳೆಯದೆ ಪಕ್ಕದ ಕೀಲನ್ನು ತೆಗೆದು ಡಿಸ್ಕಿಗೆ ತಲುಪುವ ಓರೆದಾರಿ ತೋರಿದರು. ಇಂದಿಗೂ ನಮ್ಮ ಆಪರೇಷನ್ ಥಿಯೇಟರುಗಳಲ್ಲಿ ಹೆಚ್ಚಾಗಿ ನಡೆಯುವುದು ಆ ದಾರಿಯೇ.

ಈ ಬೆಸುಗೆಗೆ ಕಸಿ ಎಂಬ ಮಾತನ್ನು ನಾನು ಬೇಕೆಂದೇ ಬಳಸುತ್ತೇನೆ. ಮಾವಿಗೆ ಕಸಿ ಕಟ್ಟುವವರನ್ನು ನೋಡಿದ್ದೀರಿ. ಎರಡೂ ಕಡ್ಡಿಯ ಸಿಪ್ಪೆ ಹೆರೆದು, ಹಸಿ ಭಾಗಕ್ಕೆ ಹಸಿ ಭಾಗ ತಾಗಿಸಿ, ಪಟ್ಟಿಯಿಂದ ಬಿಗಿಯಾಗಿ ಸುತ್ತುತ್ತಾರೆ. ಪಟ್ಟಿ ಗಿಡವನ್ನು ಕೂಡಿಸುವುದಿಲ್ಲ, ಕೂಡುವವರೆಗೆ ಅಲುಗದಂತೆ ಹಿಡಿಯುತ್ತದೆ ಅಷ್ಟೆ. ಬೆನ್ನಿನಲ್ಲಿ ಸ್ಕ್ರೂ ಮತ್ತು ಸರಳು ಆ ಪಟ್ಟಿ. ಕೂಡಬೇಕಾದ್ದು ಮೂಳೆಗೆ ಮೂಳೆ. ಅದಕ್ಕೆ ಆರು ತಿಂಗಳೋ ವರ್ಷವೋ ಬೇಕು. ಕೂಡದೇ ಹೋದರೆ ಎಂಥ ದುಬಾರಿ ಸ್ಕ್ರೂ ಆದರೂ ಒಂದು ದಿನ ಸಡಿಲವಾಗುತ್ತದೆ, ಇಲ್ಲವೆ ಮುರಿಯುತ್ತದೆ.

ಹಾಗಾದರೆ ಕೀಹೋಲಿನ ಹೆಚ್ಚುಗಾರಿಕೆ ಏನು? ಚರ್ಮದ ಗುರುತು ಚಿಕ್ಕದು ಎಂಬುದಲ್ಲ. ಬೆನ್ನಿನ ಚರ್ಮವನ್ನು ಯಾರು ನೋಡುತ್ತಾರೆ? ಬೆಲೆಯಿರುವುದು ಚರ್ಮದ ಕೆಳಗಿನ ಸ್ನಾಯುವಿಗೆ. ಬೆನ್ನುಮೂಳೆಗೆ ಅಂಟಿಕೊಂಡು ಮಲ್ಟಿಫಿಡಸ್ ಎಂಬ ಸ್ನಾಯು ಇದೆ. ಮಣಿಮಣಿಯನ್ನೂ ಹಿಡಿದು ನಿಲ್ಲಿಸುವ ಆಳು ಅದು. ಹಳೆಯ ವಿಧಾನದಲ್ಲಿ ಬೆನ್ನಿನ ನಡುಗೆರೆಯಲ್ಲಿ ಉದ್ದಕ್ಕೆ ಕೊಯ್ದು, ಈ ಸ್ನಾಯುವನ್ನು ಎರಡೂ ಕಡೆ ಮೂಳೆಯಿಂದ ಬಿಡಿಸಿ, ಕಬ್ಬಿಣದ ಹಿಡಿಗಳಿಂದ ಗಂಟೆಗಟ್ಟಲೆ ಅಗಲಿಸಿ ಹಿಡಿಯುತ್ತೇವೆ. ಅದರ ರಕ್ತವೂ ನರವೂ ಸೊರಗುತ್ತವೆ. ವರ್ಷದ ನಂತರ ಎಂಆರ್‌ಐ ತೆಗೆದರೆ ಕೆಲವರಲ್ಲಿ ಆ ಸ್ನಾಯುವಿನ ಜಾಗದಲ್ಲಿ ಕೊಬ್ಬು ತುಂಬಿರುತ್ತದೆ. ‘ಮೂಳೆ ಕೂಡಿದೆ ಅಂತೀರಿ, ಬೆನ್ನು ಮಾತ್ರ ಹಲಗೆ ಆದ ಹಾಗಿದೆ’ ಎಂದು ಬಂದವರಿಗೆ ಉತ್ತರ ಹೇಳುವುದು ನನಗೆ ಕಷ್ಟವಾಗಿತ್ತು.

ಕ್ಯಾಲಿಫೋರ್ನಿಯದ ಲಿಯಾನ್ ವಿಲ್ಟ್ಸಿ 1968ರಲ್ಲೇ ಬೇರೆ ದಾರಿ ಸೂಚಿಸಿದ್ದರು. ನಡುಗೆರೆ ಬಿಟ್ಟು ಎರಡು ಬೆರಳಗಲ ಪಕ್ಕಕ್ಕೆ ಹೋದರೆ ಎರಡು ಸ್ನಾಯುಗಳ ನಡುವೆ ಸಹಜವಾದ ಸಂದು ಇದೆ, ಅಲ್ಲಿ ಕೊಯ್ಯಬೇಕಿಲ್ಲ, ಸರಿಸಿದರೆ ಸಾಕು ಎಂದು. ತಲೆಗೂದಲಿಗೆ ಬೈತಲೆ ತೆಗೆದ ಹಾಗೆ. ಬೈತಲೆ ತೆಗೆಯುವಾಗ ಒಂದು ಕೂದಲೂ ತುಂಡಾಗುವುದಿಲ್ಲ, ಬಾಚಣಿಗೆ ತೆಗೆದರೆ ಮತ್ತೆ ಕೂಡಿಕೊಳ್ಳುತ್ತದೆ. ಹೀಗೆ ಸ್ನಾಯುವನ್ನು ಕೊಯ್ಯದೆ ಸರಿಸಿ, ಕೊಳವೆ ಇಳಿಸಿ ಕೆಲಸ ಮಾಡಬಹುದೆಂದು 1997ರಲ್ಲಿ ಅಮೆರಿಕದ ಮೆಂಫಿಸ್‌ನ ಕೆವಿನ್ ಫೋಲಿ ಮತ್ತು ಮಾರಿಸ್ ಸ್ಮಿತ್ ತೋರಿಸಿದರು. ಮೊದಲು ಜಾರಿದ ಡಿಸ್ಕ್ ತೆಗೆಯಲು, ನಾಲ್ಕಾರು ವರ್ಷಗಳಲ್ಲೇ ಮೂಳೆ ಬೆಸೆಯಲು ಕೂಡ.

ಆ ತಾಯಿಗೆ ಮಾಡಿದ್ದನ್ನೇ ಹೇಳುತ್ತೇನೆ, ನಿಮಗೆ ಕಣ್ಣಿಗೆ ಕಟ್ಟಲಿ. ಪೂರ್ತಿ ಅರಿವಳಿಕೆ ಕೊಟ್ಟು ಬೋರಲು ಮಲಗಿಸುತ್ತೇವೆ. ಎದೆಗೂ ಸೊಂಟದ ಮೂಳೆಗೂ ದಿಂಬು ಕೊಟ್ಟು ಹೊಟ್ಟೆ ತೂಗಾಡುವಂತೆ ಬಿಡಬೇಕು. ಹೊಟ್ಟೆ ಅದುಮಿದರೆ ಬೆನ್ನಿನ ರಕ್ತನಾಳಗಳು ಉಬ್ಬಿ ರಕ್ತ ಹೆಚ್ಚು ಹೋಗುತ್ತದೆ. ಈ ಮಲಗಿಸುವ ಕೆಲಸವನ್ನು ನಾನು ಯಾರಿಗೂ ಬಿಡುವುದಿಲ್ಲ. ಆಮೇಲೆ ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರದಿಂದ ನಾಲ್ಕು ಮತ್ತು ಐದನೆಯ ಮಣಿಯನ್ನು ಗುರುತು ಹಾಕಿಕೊಂಡು, ನಡುಗೆರೆಯಿಂದ ಪಕ್ಕಕ್ಕೆ ಮೂರು ಸೆಂಟಿಮೀಟರಿನಷ್ಟು ಉದ್ದ ಕೊಯ್ಯುತ್ತೇವೆ. ಮೊದಲು ಪೆನ್ಸಿಲಿನಷ್ಟು ಸಣ್ಣ ಕೊಳವೆ, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಒಂದೊಂದೂ ಸ್ನಾಯುವಿನ ಎಳೆಗಳನ್ನು ಇಷ್ಟಿಷ್ಟೇ ಸರಿಸುತ್ತ ಹೋಗಿ, ಕೊನೆಗೆ 22 ಮಿಲಿಮೀಟರ್ ಅಗಲದ ಕೊಳವೆ ಮೂಳೆಯ ಮೇಲೆ ಕೂರುತ್ತದೆ. ಒಳಗಿನ ಸಣ್ಣ ಕೊಳವೆಗಳನ್ನು ತೆಗೆದು, ದೊಡ್ಡದನ್ನು ಮೇಜಿಗೆ ಬಿಗಿದು, ಸೂಕ್ಷ್ಮದರ್ಶಕವನ್ನು ಮೇಲೆ ತರುತ್ತೇವೆ. ಅಲ್ಲಿಂದ ಮುಂದಿನ ಎರಡು ಗಂಟೆ ನನ್ನ ಲೋಕ ಒಂದು ನಾಣ್ಯದಷ್ಟೇ ಅಗಲ.

ಊದಿದ ಕೀಲಿನ ಮೂಳೆಯನ್ನು ಕತ್ತರಿಸಿ ತೆಗೆಯುತ್ತೇವೆ. ಅದನ್ನು ಎಸೆಯುವುದಿಲ್ಲ. ನರ್ಸಮ್ಮ ಅದನ್ನು ಬಟ್ಟಲಲ್ಲಿ ಜೋಪಾನವಾಗಿ ಇಡುತ್ತಾರೆ, ಕಸಿಗೆ ಅದೇ ಬೇಕು. ಮಡಿಚಿದ ಹಳದಿ ಪಟ್ಟಿ ತೆಗೆದಾಗ ಅದರ ಅಡಿಯಿಂದ ನರದ ಚೀಲ ಮುತ್ತಿನ ಬಣ್ಣದಲ್ಲಿ ಮೇಲೇಳುತ್ತದೆ, ಉಸಿರಿಗೆ ತಕ್ಕಂತೆ ಮಿಡಿಯತೊಡಗುತ್ತದೆ. ಒತ್ತಡ ಹೋಯಿತು ಎಂಬುದಕ್ಕೆ ಅದೇ ಸಾಕ್ಷಿ. ಸಾವಿರ ಸಲ ನೋಡಿದರೂ ಆ ಕ್ಷಣ ನನಗೆ ಹಳತಾಗಿಲ್ಲ. ಕೊಳವೆಯನ್ನು ಓರೆ ಮಾಡಿ ಇದೇ ದಾರಿಯಿಂದ ಆ ಕಡೆಯ ನರವನ್ನೂ ಬಿಡಿಸಬಹುದು. ಆಮೇಲೆ ಒಣಗಿದ ಡಿಸ್ಕನ್ನು ಚೂರುಚೂರಾಗಿ ತೆಗೆದು, ಎರಡೂ ಮಣಿಗಳ ಮೈಯನ್ನು ರಕ್ತ ಜಿನುಗುವವರೆಗೆ ಹೆರೆಯುತ್ತೇವೆ. ಕಸಿ ಕಟ್ಟುವವನು ಸಿಪ್ಪೆ ಹೆರೆದ ಹಾಗೆ. ಮುಗಿದ ಕೆಲಸವನ್ನು ಎಕ್ಸ್‌ರೇಯಲ್ಲಿ ನೋಡಿದವರಿಗೆ ಸ್ಕ್ರೂ ಕಾಣುತ್ತದೆ, ಈ ಹೆರೆತ ಕಾಣುವುದಿಲ್ಲ. ಆದರೆ ಮೂಳೆ ಕೂಡುತ್ತದೋ ಇಲ್ಲವೋ ಎಂಬುದು ಬಹುಪಾಲು ಈ ಹದಿನೈದು ಇಪ್ಪತ್ತು ನಿಮಿಷದ ತಾಳ್ಮೆಯಲ್ಲಿದೆ. ಬಟ್ಟಲಲ್ಲಿಟ್ಟ ಮೂಳೆಚೂರನ್ನು ತುಂಬಿ, ನಡುವೆ ಕೇಜ್ ಎಂಬ ಪುಟ್ಟ ಪೆಟ್ಟಿಗೆ ಕೂರಿಸುತ್ತೇವೆ. ಅದು ಟೈಟಾನಿಯಂನದ್ದೋ ಪೀಕ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದ್ದೋ ಆಗಿರುತ್ತದೆ. ತಗ್ಗಿದ್ದ ಡಿಸ್ಕಿನ ಎತ್ತರ ಮರಳಿ ಬರುತ್ತದೆ. ಕೊನೆಗೆ ನಾಲ್ಕು ಸ್ಕ್ರೂ. ಎಕ್ಸ್‌ರೇ ನೋಡುತ್ತ ಸೂಜಿಯನ್ನು ತೊಟ್ಟಿನೊಳಕ್ಕೆ ಇಳಿಸಿ, ಅದರೊಳಗೆ ತಂತಿ ಬಿಟ್ಟು, ತಂತಿಯ ಮೇಲೆ ಟೊಳ್ಳು ಸ್ಕ್ರೂವನ್ನು ತಿರುಗಿಸುತ್ತೇವೆ. ಚರ್ಮದ ಅಡಿಯಲ್ಲೇ ಸರಳು ತೂರಿಸಿ ಬಿಗಿದರೆ ಮುಗಿಯಿತು.

ಬೆನ್ನಿಗೆ ಹೊಟ್ಟೆಯ ಪಕ್ಕದಿಂದ ಹೋಗುವ ದಾರಿಗಳೂ ಇವೆ. ಎಂಡೋಸ್ಕೋಪಿನಲ್ಲಿ ಮಾಡುವವರಿದ್ದಾರೆ, ರೋಬಾಟ್ ಇಟ್ಟುಕೊಂಡವರಿದ್ದಾರೆ. ಉಪಕರಣ ಯಾವುದಾದರೂ ಇರಲಿ, ಹೆರೆಯುವ ಕೆಲಸ, ಕಸಿಯ ಕೆಲಸ ಅದೇ.

ಈ ವಿಧಾನದಿಂದ ಸಿಗುವುದೇನು ಎಂಬುದನ್ನು ಉತ್ಪ್ರೇಕ್ಷೆಯಿಲ್ಲದೆ ಹೇಳುತ್ತೇನೆ. ರಕ್ತ ಕಡಿಮೆ ಹೋಗುತ್ತದೆ. ಗಾಯ ಕೀವಾಗುವುದು ಕಡಿಮೆ, ಸಕ್ಕರೆ ಕಾಯಿಲೆಯವರಿಗೂ ದಪ್ಪ ಮೈಯವರಿಗೂ ಇದು ದೊಡ್ಡ ಲಾಭ. ಮೊದಲ ವಾರಗಳ ನೋವು ಕಡಿಮೆ, ಆಸ್ಪತ್ರೆಯಲ್ಲಿ ಇರುವ ದಿನಗಳು ಕಡಿಮೆ. ಆದರೆ ವರ್ಷವೆರಡು ಕಳೆದ ಮೇಲೆ ಎರಡೂ ವಿಧಾನದವರನ್ನು ಪಕ್ಕಪಕ್ಕ ನಿಲ್ಲಿಸಿ ನೋಡಿದರೆ ನಡಿಗೆಯಲ್ಲಿ, ನೋವಿನಲ್ಲಿ, ಮೂಳೆ ಕೂಡಿರುವುದರಲ್ಲಿ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ಎಕ್ಸ್‌ರೇ ಕಿರಣ ಮಾತ್ರ ಹಳೆಯದಕ್ಕಿಂತ ಹೆಚ್ಚು ಬೇಕು. ವೈದ್ಯನಿಗೆ ಕೈ ಪಳಗಲು ಬಹಳ ಕಾಲ ಬೇಕು. ನರದ ಚೀಲ ಹರಿಯುವುದು, ಸ್ಕ್ರೂ ದಾರಿ ತಪ್ಪಿ ನರಕ್ಕೆ ತಾಗುವುದು, ಮೂಳೆ ಕೂಡದೇ ಹೋಗುವುದು, ಬೆಸೆದ ಜಾಗದ ಮೇಲಿನ ಅಥವಾ ಕೆಳಗಿನ ಡಿಸ್ಕು ಭಾರ ಹೊತ್ತು ಕೆಲ ವರ್ಷಗಳಲ್ಲಿ ಸವೆಯುವುದು, ಇವೆಲ್ಲ ಸಣ್ಣ ಗಾಯದಲ್ಲೂ ಇವೆ. ‘ನೋವಿಲ್ಲ, ರಕ್ತವಿಲ್ಲ, ಮರುದಿನವೇ ಮನೆಗೆ’ ಎಂದು ರಸ್ತೆ ಬದಿಯ ಫಲಕದಲ್ಲಿ ಬರೆದಿದ್ದರೆ ಅದು ಅರ್ಧ ನಿಜ. ಇನ್ನರ್ಧವನ್ನು ಫಲಕದಲ್ಲಿ ಬರೆಯುವವರಿಲ್ಲ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಬೆಸೆಯಬೇಕೇ, ಬೇಡವೇ? ಬರೀ ಸೊಂಟನೋವಿಗೆ, ಕಾಲಿಗೆ ಇಳಿಯದ, ನರ ಒತ್ತದ, ಮಣಿ ಜಾರದ ನೋವಿಗೆ ಬೆಸುಗೆ ಹಾಕಬೇಕೇ ಎಂದು ಯುರೋಪಿನವರು ಚೆನ್ನಾಗಿ ಪರೀಕ್ಷಿಸಿದ್ದಾರೆ. 2001ರಲ್ಲಿ ಸ್ವೀಡನ್ನಿನ 294 ರೋಗಿಗಳ ಅಧ್ಯಯನದಲ್ಲಿ ಬೆಸುಗೆಯೇ ಮೇಲು ಎಂದು ಕಂಡಿತು. ಆದರೆ ಅಲ್ಲಿ ಬೆಸುಗೆ ಹಾಕಿಸಿಕೊಳ್ಳದವರಿಗೆ ಸಿಕ್ಕಿದ್ದು ಮಾಮೂಲಿ ಫಿಸಿಯೋಥೆರಪಿ. 2003ರಲ್ಲಿ ನಾರ್ವೆಯವರು ವ್ಯಾಯಾಮವನ್ನು ಶ್ರದ್ಧೆಯಿಂದ ಕಲಿಸಿ, ಬೆನ್ನು ಬಗ್ಗಿಸಿದರೆ ಮುರಿಯುವುದಿಲ್ಲ ಎಂದು ಧೈರ್ಯ ತುಂಬಿ ನೋಡಿದರು. ಫಲ ಬೆಸುಗೆಗೆ ಸಮನಾಗಿತ್ತು. 2005ರಲ್ಲಿ ಬ್ರಿಟನ್ನಿನಲ್ಲಿ 349 ಜನರ ಮೇಲೆ ನಡೆದ ಅಧ್ಯಯನವೂ ಬೆಸುಗೆಯೇ ಮೇಲು ಎನ್ನಲು ಸ್ಪಷ್ಟ ಆಧಾರ ಕೊಡಲಿಲ್ಲ. ಅಲ್ಲಿನ ಸರ್ಕಾರಿ ಮಾರ್ಗದರ್ಶಿ ಸಂಸ್ಥೆ ನೈಸ್ 2016ರಲ್ಲಿ, ಸಂಶೋಧನೆಯ ಭಾಗವಾಗಿ ಅಲ್ಲದೆ ಬರೀ ಸೊಂಟನೋವಿಗೆ ಬೆಸುಗೆ ಹಾಕಕೂಡದು ಎಂದೇ ಹೇಳಿತು. ನನ್ನ ಅಭಿಪ್ರಾಯವೂ ಅದೇ.

ನರ ಒತ್ತಿದವರ ಲೆಕ್ಕ ಬೇರೆ. ಅವರಲ್ಲಿ ಒತ್ತಡ ಬಿಡಿಸುವುದು ಸರಿ, ಆದರೆ ಬಿಡಿಸಿದ ಮೇಲೆ ಬೆಸೆಯಲೂ ಬೇಕೇ? 2016ರ ಏಪ್ರಿಲ್‌ನಲ್ಲಿ ಅಮೆರಿಕದ ಒಂದೇ ವೈದ್ಯಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಉತ್ತರ ಬಂದವು. ಸ್ವೀಡನ್ನಿನವರು 247 ರೋಗಿಗಳನ್ನು ನೋಡಿ ಬೆಸುಗೆಯಿಂದ ಹೆಚ್ಚಿನ ಲಾಭವಿಲ್ಲ ಎಂದರು. ಅಮೆರಿಕದವರು ಮಣಿ ಜಾರಿದ 66 ರೋಗಿಗಳನ್ನು ನೋಡಿ ಸ್ವಲ್ಪ ಲಾಭವಿದೆ ಎಂದರು. 2021ರಲ್ಲಿ ನಾರ್ವೆಯಿಂದ ಇನ್ನೂ ಸ್ಪಷ್ಟವಾದ ಉತ್ತರ ಬಂತು. ಮಣಿ ಜಾರಿದ 267 ಜನರಲ್ಲಿ ಅರ್ಧ ಮಂದಿಗೆ ಒತ್ತಡ ಮಾತ್ರ ಬಿಡಿಸಿದರು, ಉಳಿದರ್ಧಕ್ಕೆ ಬೆಸುಗೆಯನ್ನೂ ಹಾಕಿದರು. ಎರಡು ವರ್ಷದ ನಂತರ ಗಣನೀಯವಾಗಿ ಸುಧಾರಿಸಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 71, ಎರಡನೆಯದರಲ್ಲಿ 73. ಜಾರಿದ ಮಣಿಯನ್ನೆಲ್ಲ ಬೆಸೆಯಲೇಬೇಕು ಎಂದು ಕಲಿತ ನನ್ನಂಥವರು ಕಲಿತದ್ದನ್ನು ತಿದ್ದಿಕೊಳ್ಳಬೇಕಾಯಿತು.

ಹಾಗಾಗಿಯೇ ಆ ಮೇಷ್ಟ್ರಿಗೆ ನಾನು ಸ್ಕ್ರೂ ಹಾಕಲಿಲ್ಲ. ಅವರ ಮಣಿ ಜಾರಿರಲಿಲ್ಲ, ನೋವೆಲ್ಲ ಕಾಲಿನದೇ. ಅದೇ ಕೊಳವೆಯಲ್ಲಿ ಒತ್ತಡ ಬಿಡಿಸಿ ಹೊಲಿಗೆ ಹಾಕಿದೆ. ಮಂಡ್ಯದ ತಾಯಿಗೆ ಬೆಸೆದೆ. ಮುಂದಕ್ಕೆ ಬಗ್ಗಿಸಿ ಒಂದು, ಹಿಂದಕ್ಕೆ ಬಾಗಿಸಿ ಒಂದು ಎಕ್ಸ್‌ರೇ ತೆಗೆದಾಗ ಅವರ ಮಣಿ ಕಣ್ಣಿಗೆ ಕಾಣುವಷ್ಟು ಓಡಾಡುತ್ತಿತ್ತು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೂ ಸೊಂಟದಲ್ಲಿ ಕತ್ತರಿಸಿದಂಥ ನೋವು. ನರಕ್ಕೆ ಪೂರ್ತಿ ಜಾಗ ಮಾಡಬೇಕಾದರೆ ಕೀಲನ್ನು ತೆಗೆಯದೆ ವಿಧಿಯಿರಲಿಲ್ಲ. ಕೀಲು ತೆಗೆದು ಹಾಗೇ ಬಿಟ್ಟರೆ ಮಣಿ ಇನ್ನಷ್ಟು ಜಾರುತ್ತಿತ್ತು. ಒಂದೇ ಬಗೆಯ ದೂರು ಹೇಳಿಕೊಂಡು ಬಂದ ಇಬ್ಬರಿಗೆ ಎರಡು ಬಗೆಯ ಚಿಕಿತ್ಸೆ. ನಿಮ್ಮ ವೈದ್ಯರು ಬೆಸೆಯಬೇಕು ಎಂದರೆ, ಒತ್ತಡ ಮಾತ್ರ ಬಿಡಿಸಿದರೆ ಏಕೆ ಸಾಲದು ಎಂದು ಧೈರ್ಯವಾಗಿ ಕೇಳಿ. ಒಳ್ಳೆಯ ವೈದ್ಯ ಆ ಪ್ರಶ್ನೆಗೆ ಸಿಟ್ಟಾಗುವುದಿಲ್ಲ, ಎಕ್ಸ್‌ರೇ ಹಿಡಿದು ತೋರಿಸುತ್ತಾನೆ. ಕೇಜಿನದೆಷ್ಟು, ಸ್ಕ್ರೂನದೆಷ್ಟು ಎಂದು ಖರ್ಚನ್ನೂ ಮೊದಲೇ ಬರೆಸಿಕೊಳ್ಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕಾರ್ಡು ಇರುವವರು ಅದರಲ್ಲಿ ಏನು ಸಿಗುತ್ತದೆ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ, ಆಮೇಲೆ ದಿನ ಗೊತ್ತುಮಾಡಿ.

ಬೆಸುಗೆ ಬೇಕೆಂದು ತೀರ್ಮಾನವಾದವರು ಬೀಡಿ, ಸಿಗರೇಟನ್ನು ಒಂದು ತಿಂಗಳು ಮೊದಲೇ ಬಿಡಬೇಕು, ಮೂಳೆ ಕೂಡುವವರೆಗೆ ಮುಟ್ಟಬಾರದು. ನಿಕೋಟಿನ್ ಮೂಳೆಗೆ ಹೋಗುವ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಹೊಗೆಸೊಪ್ಪು ಜಗಿಯುವವರಿಗೂ ಇದೇ ಮಾತು. ಕಸಿ ಕಟ್ಟಿ ನೀರು ಹಾಕದಿದ್ದರೆ ಏನಾಗುತ್ತದೋ ಅದೇ ಆಗುತ್ತದೆ. ಸಕ್ಕರೆ ಹತೋಟಿಯಲ್ಲಿರಬೇಕು. ಮುಟ್ಟು ನಿಂತ ಹೆಂಗಸರು ಮೂಳೆಯ ಸಾಂದ್ರತೆ ನೋಡಿಸಬೇಕು, ಪೊಳ್ಳು ಮೂಳೆಯಲ್ಲಿ ಸ್ಕ್ರೂ ನಿಲ್ಲುವುದಿಲ್ಲ. ಅದಕ್ಕೂ ಮೊದಲು, ತುರ್ತಿಲ್ಲದಿದ್ದರೆ, ನಡಿಗೆ, ವ್ಯಾಯಾಮ, ಮಾತ್ರೆ, ಕೆಲವೊಮ್ಮೆ ನರದ ಪಕ್ಕಕ್ಕೆ ಒಂದು ಇಂಜೆಕ್ಷನ್, ಹೀಗೆ ಕೆಲವು ತಿಂಗಳು ಮನಸ್ಸಿಟ್ಟು ನೋಡಿರಬೇಕು. ಬಹಳ ಜನಕ್ಕೆ ಅಷ್ಟರಲ್ಲೇ ಸಾಕಾಗುತ್ತದೆ.

‘ಬಗ್ಗಕ್ಕಾಯ್ತದಾ’ ಎಂಬ ಪ್ರಶ್ನೆಗೆ ನಾನು ಹೇಳಿದ ಉತ್ತರ ಇದು: “ಆಗುತ್ತೆ ಅಮ್ಮ. ನಾವು ಬಗ್ಗುವುದರಲ್ಲಿ ದೊಡ್ಡ ಪಾಲು ತೊಡೆಯ ಕೀಲಿನದು. ಐದು ಸಂದಿನಲ್ಲಿ ಒಂದನ್ನು ಬೆಸೆದರೆ ನಿಮಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಆದರೆ ದಿನವಿಡೀ ಬಗ್ಗಿ ನಾಟಿ ಹಾಕುವ ಕೆಲಸ ಇನ್ನು ಬೇಡ, ಪಕ್ಕದ ಡಿಸ್ಕು ಬೇಗ ಸವೆಯುತ್ತೆ. ಕಾಲಿನ ಜೋಮು ಎಷ್ಟು ಹೋಗುತ್ತೋ ಈಗಲೇ ಹೇಳಲಾರೆ.” ಮರುದಿನ ಬೆಳಗ್ಗೆ ಅವರನ್ನು ಎಬ್ಬಿಸಿ ನಡೆಸಿದೆವು. ವರ್ಷದ ನಂತರದ ಎಕ್ಸ್‌ರೇಯಲ್ಲಿ ಮೂಳೆ ಕೂಡಿತ್ತು. ಎಲ್ಲೂ ಕೂರದೆ ಬಸ್‌ಸ್ಟ್ಯಾಂಡಿಗೆ ಹೋಗುತ್ತಾರೆ. ಎಡಗಾಲಿನ ಎರಡು ಬೆರಳಿನ ಜೋಮು ಹಾಗೇ ಉಳಿದಿದೆ. ಬಹಳ ಕಾಲ ಒತ್ತಿಸಿಕೊಂಡ ನರ ಕೆಲವೊಮ್ಮೆ ಪೂರ್ತಿ ಮರಳುವುದಿಲ್ಲ.

ಕೊನೆಯದಾಗಿ, ಆಗಲೇ ಹೇಳಿದ ಕುದುರೆ ಬಾಲದ ಮಾತು. ಇಷ್ಟು ಹೊತ್ತು ಅವಸರ ಬೇಡ ಎಂದೇ ಹೇಳಿದೆ. ಆದರೆ ಒಂದು ಸಂದರ್ಭದಲ್ಲಿ ಅವಸರ ಬೇಕೇ ಬೇಕು. ಸೊಂಟನೋವು ಇರುವವರಿಗೆ ಇದ್ದಕ್ಕಿದ್ದಂತೆ ಮೂತ್ರ ಕಟ್ಟಿಕೊಂಡರೆ, ಅಥವಾ ಗೊತ್ತಿಲ್ಲದೆ ಹೋಗಿಬಿಟ್ಟರೆ, ಸೈಕಲ್ ಸೀಟು ತಾಗುವ ಜಾಗದಲ್ಲಿ ಸ್ಪರ್ಶವೇ ತಿಳಿಯದಾದರೆ, ಎರಡೂ ಕಾಲಿನ ಶಕ್ತಿ ಕುಂದಿದರೆ, ಆ ನರದ ಗೊಂಚಲು ಅದುಮಿಕೊಂಡಿರಬಹುದು. ನಮ್ಮ ಹೆಣ್ಣುಮಕ್ಕಳು ಇದನ್ನು ಹೇಳಿಕೊಳ್ಳಲು ನಾಚಿ ಎರಡು ಮೂರು ದಿನ ಸುಮ್ಮನಿದ್ದುಬಿಡುತ್ತಾರೆ. ಆ ಮೇಲೆ ಎಷ್ಟು ಚೆನ್ನಾಗಿ ಆಪರೇಷನ್ ಮಾಡಿದರೂ ಮೂತ್ರದ ಹಿಡಿತ ಮರಳದೇ ಹೋಗಬಹುದು. ಮನೆಯವರಿಗೆ ಹೇಳಿ. 108ಕ್ಕೆ ಫೋನ್ ಮಾಡಿ. ಎಂಆರ್‌ಐ ಇರುವ ದೊಡ್ಡ ಆಸ್ಪತ್ರೆಗೆ ಆ ಹೊತ್ತಿನಲ್ಲೇ ಹೊರಡಿ, ಬೆಳಗಾಗಲಿ ಎಂದು ಕಾಯಬೇಡಿ.